ಹವಳಕ್ಕೆ ನಾಲ್ಕು ಪದರ ನೆರಳು

ಲಿಂಗಸುಗೂರಿನ ನನ್ನ ಅಂಗಡಿ ಎಂದರೆ ಎಂಟಡಿ ಅಗಲದ ಒಂದು ಶಟರ್, ಒಂದು ಮೇಜು, ಒಂದು ಸೋಲ್ಡರಿಂಗ್ ಕಡ್ಡಿ. ಐಟಿಐ ಮುಗಿಸಿ, ಬೀದಿದೀಪದ ಗುತ್ತಿಗೆದಾರರೊಬ್ಬರ ಹತ್ತಿರ ಐದು ವರ್ಷ ದುಡಿದು, ಆಮೇಲೆ ಸ್ವಂತಕ್ಕೆ ತೆರೆದದ್ದು. ತೆರೆದು ಎಂಟು ತಿಂಗಳಾಗಿತ್ತು. ಜನ ಬರುತ್ತಿದ್ದರು, ಇಲ್ಲ ಎನ್ನುವುದಿಲ್ಲ. ಆದರೆ ಕೆಟ್ಟ ಬಲ್ಬ್ ಮಾತ್ರ ತರುತ್ತಿದ್ದರು. ಮನೆಯ ವೈರಿಂಗ್ ಎಂದಾಕ್ಷಣ, "ಅದಕ್ಕ ಯಾರರ ಗಂಡಸರನ್ನ ಕರಸ್ತೀವಿ ಬಿಡವ್ವಾ" ಎಂದು ನನ್ನ ಎದುರಿಗೇ ಹೇಳಿ ಹೋಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವರು ತಂದ ಬಲ್ಬ್ ಬಿಚ್ಚುತ್ತಿದ್ದೆ.

ಅಂಥ ಒಂದು ದಿನ ಬೆಳಿಗ್ಗೆ ಅರವತ್ತು ದಾಟಿದ ಒಬ್ಬರು ಬಂದರು. ಬಟ್ಟೆಯ ಚೀಲದಿಂದ ಮೊಳದುದ್ದದ ಚಪ್ಪಟೆ ದೀಪವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅದರ ಹೊಟ್ಟೆ ಸುಟ್ಟು ಕಪ್ಪಾಗಿತ್ತು.

"ನೋಡು ಬೇಟಿ. ಮಸ್ಕ್ಯಾಗ ನಮ್ಮ ಮನ್ಯಾಗ ಒಂದು ಸಮುದ್ರ ಐತಿ. ಅದರ ಸೂರ್ಯ ಸುಟ್ಟು ಹೋಗ್ಯಾನ" ಅಂದರು.

ಮೂವತ್ತು ವರ್ಷ ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರು ಅವರು. ಮೊದಲ ದಿನದಿಂದಲೇ ನಾನು ಅವರನ್ನು ಚಾಚಾ ಎಂದು ಕರೆದೆ. ಸಮುದ್ರ ಬಿಟ್ಟು ಬಂದ ಮೇಲೆ ಹಾಲ್‌ನಲ್ಲಿ ನಾಲ್ಕಡಿಯ ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ಮಾಡಿ, ಅದರಲ್ಲಿ ಮೆತ್ತನೆಯ ಹವಳಗಳನ್ನು ಸಾಕಿದ್ದರು. ದೀಪ ಬಿಚ್ಚಿ ನೋಡಿದೆ. ಕರೆಂಟನ್ನು ಹದ ಮಾಡಿ ಕೊಡುವ ಡ್ರೈವರ್ ಸಿಡಿದಿತ್ತು. ಎಲ್‌ಇಡಿ ಕೂತ ಹಲಗೆಯನ್ನು ಉಪ್ಪು ತಿಂದು ಹಾಕಿತ್ತು.

"ಇದು ಬದುಕಂಗಿಲ್ಲ ಚಾಚಾ. ಹೊಸದು ತರಸ್ರಿ."

"ತರಸೀನಿ. ಹೊರದೇಶದಿಂದ ಬರಬೇಕು, ಒಂದೂವರಿ ತಿಂಗಳು ಅಂತಾರ. ಅಷ್ಟೊತ್ತಿಗಿ ನನ್ನ ಛತ್ರಿ ಸತ್ತಿರ್ತೈತಿ. ಸಿಂಧನೂರು ತಿರಿಗಿದೆ, ರಾಯಚೂರು ತಿರಿಗಿದೆ. ಎಲ್ಲಾರೂ ನಕ್ಕು ಕಳಿಸಿದ್ರು. ನೀನರ ಒಂದು ದೀಪ ಮಾಡಿ ಕೊಡ್ತಿಯೇನು?"

ಛತ್ರಿ ಎಂದರೇನು, ಹವಳಕ್ಕೆ ದೀಪ ಯಾಕೆ, ಒಂದೂ ನನಗೆ ಗೊತ್ತಿರಲಿಲ್ಲ. ಆದರೂ "ಮಾಡ್ತೀನಿ" ಅಂದುಬಿಟ್ಟೆ. ಎಂಟು ತಿಂಗಳಲ್ಲಿ ನನ್ನ ಹತ್ತಿರ ದೀಪ ಮಾಡಿಕೊಡು ಎಂದು ಕೇಳಿದ ಮೊದಲ ಮನುಷ್ಯ ಅವರು.

ಮರುದಿನ ಸ್ಕೂಟಿಯಲ್ಲಿ ಮಸ್ಕಿಗೆ ಹೋದೆ. ಟ್ಯೂಬ್‌ಲೈಟಿನ ಮಂಕು ಬೆಳಕಿನಲ್ಲಿ ತೊಟ್ಟಿ ಮುಸ್ಸಂಜೆಯ ಹಾಗೆ ಕಾಣುತ್ತಿತ್ತು. ನಡುವೆ ಕಲ್ಲಿನ ಮೇಲೆ ರೊಟ್ಟಿ ಹಂಚಿನಷ್ಟು ಅಗಲದ, ಅಣಬೆಯಂಥ, ಕಂದು ಬಣ್ಣದ ಒಂದು ಹವಳ. ಅದೇ ಛತ್ರಿ. ಎಂಟಾಣೆ ನಾಣ್ಯದಷ್ಟಿದ್ದ ತುಂಡನ್ನು ತಂದು ಒಂಬತ್ತು ವರ್ಷ ಸಾಕಿ ಅಷ್ಟು ಮಾಡಿದ್ದರು. ಚೆನ್ನಾಗಿದ್ದಾಗ ಅದರ ಮೈಮೇಲೆಲ್ಲ ನೂರಾರು ಸಣ್ಣ ಎಳೆಗಳು ಹೊರಬಂದು ನೀರಿನ ಜೊತೆ ಓಲಾಡುತ್ತವಂತೆ. ಈಗ ಒಂದೂ ಇರಲಿಲ್ಲ. ಚರ್ಮದ ಚಪ್ಪಲಿಯ ಹಾಗೆ ನುಣ್ಣಗೆ ಮುಚ್ಚಿಕೊಂಡಿತ್ತು.

ಹವಳ ಗಿಡವಲ್ಲ, ಪ್ರಾಣಿ ಎಂದು ಚಾಚಾ ಹೇಳಿಕೊಟ್ಟರು. ಅದರ ಮಾಂಸದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಬೆಳಕು ಬಿದ್ದರೆ ಆ ಪಾಚಿ ಅಡುಗೆ ಮಾಡುತ್ತದೆ, ಹವಳ ಉಣ್ಣುತ್ತದೆ. ಬೆಳಕಿಲ್ಲದಿದ್ದರೆ ಒಲೆ ಹೊತ್ತುವುದಿಲ್ಲ. ಆಗಲೇ ಹನ್ನೊಂದು ದಿನದಿಂದ ಒಲೆ ಹೊತ್ತಿರಲಿಲ್ಲ.

"ಇದು ಹೋದ್ರ ತೊಟ್ಟಿ ತೆಗದು ಬಿಡ್ತೀನಿ ಬೇಟಿ. ಮತ್ತೊಂದು ತುಂಡು ತಂದು ಒಂಬತ್ತು ವರ್ಷ ಕಾಯೋ ವಯಸ್ಸಲ್ಲ ನಂದು" ಅಂದರು. ಹೇಳುವಾಗ ನನ್ನ ಕಡೆ ನೋಡದೆ ಛತ್ರಿಯನ್ನೇ ನೋಡುತ್ತಿದ್ದರು.

ದೀಪಕ್ಕಿಂತ ಮುಂಚೆ ನಾನು ನೋಡಿದ್ದು ಪ್ಲಗ್ಗು. ಉಪ್ಪುನೀರೂ ಕರೆಂಟೂ ಒಂದೇ ಕಡೆ ಇರುವ ಜಾಗ ಅದು. ಅರ್ಥಿಂಗ್ ಸರಿ ಇರಲಿಲ್ಲ. ಹಿತ್ತಲಿನಿಂದ ಹೊಸ ತಂತಿ ಎಳೆದೆ. ಕರೆಂಟ್ ಸೋರಿದರೆ ತಾನೇ ಬೀಳುವ ಬ್ರೇಕರ್ ಹಾಕಿದೆ. ಪ್ರತಿ ವೈರನ್ನೂ ಸಾಕೆಟ್‌ಗಿಂತ ಕೆಳಕ್ಕೆ ಇಳಿಸಿ, ಜೋಲಿಯ ಹಾಗೆ ಬಾಗಿಸಿ ಮೇಲಕ್ಕೆ ತಂದೆ. ಹಾಗೆ ಮಾಡಿದರೆ ವೈರಿನ ಮೇಲೆ ಹರಿದ ನೀರು ಬಾಗಿದಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಏರುವುದಿಲ್ಲ. ಹಳೆಯ ದೀಪ ಯಾಕೆ ಸುಟ್ಟಿತು ಎನ್ನುವುದೂ ಅಲ್ಲೇ ಸಿಕ್ಕಿತು. ಕಾಲುವೆ ಸೀಮೆಯ ಪಂಪ್‌ಸೆಟ್‌ಗಳು ಒಟ್ಟಿಗೆ ನಿಂತಾಗ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತಿತ್ತು. ಒಂದು ಸ್ಟೆಬಿಲೈಜರ್ ಕೂರಿಸಿದೆ.

"ಬೀದಿದೀಪದ ಬಿಳಿ ಎಲ್‌ಇಡಿ ನನ್ನ ಹತ್ರ ಬೇಕಾದಷ್ಟು ಅದಾವ" ಅಂದೆ.

"ಬರೀ ಬಿಳಿ ನಡ್ಯಂಗಿಲ್ಲ. ಸಮುದ್ರದಾಗ ಕೆಳಗ ಇಳದಂಗ ಕೆಂಪು ಸೋಸಿ ಹೋಗ್ತೈತಿ, ನೀಲಿ ಉಳೀತೈತಿ. ಇವಕ್ಕ ನೀಲೀನ ಊಟ" ಅಂದರು ಚಾಚಾ.

ನೀಲಿ ಎಲ್‌ಇಡಿ ನಮ್ಮ ಕಡೆ ಎಲ್ಲಿ ಸಿಗಬೇಕು? ಹೈದರಾಬಾದಿನ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಬಸ್ಸಿಗೆ ಪಾರ್ಸಲ್ ಹಾಕಿದರು. ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಎರಡು ತಾಸು ಕಾದು ಅದನ್ನು ಇಳಿಸಿಕೊಂಡೆ. ಪುಟ್ಟ ಪೊಟ್ಟಣ. ಕಂಡಕ್ಟರ್, "ಇಷ್ಟಕ್ಕ ಇಷ್ಟೊತ್ತು ಕಾದೀಯೇನವ್ವಾ?" ಎಂದು ಕೇಳಿದ. ಇದರಲ್ಲಿ ಸೂರ್ಯ ಇದ್ದಾನೆ ಎಂದರೆ ಅವನು ನಂಬುತ್ತಿರಲಿಲ್ಲ.

ಎರಡು ದಿನ ಅಂಗಡಿಯ ಅರ್ಧ ಶಟರ್ ಇಳಿಸಿ ಕೂತೆ. ಹಳೆಯ ಬೀದಿದೀಪವೊಂದರ ಅಲ್ಯುಮಿನಿಯಂ ಬೆನ್ನನ್ನು ಉಜ್ಜಿ ತೊಳೆದು, ಅದರ ಮೇಲೆ ಇಪ್ಪತ್ನಾಲ್ಕು ನೀಲಿ, ಹನ್ನೆರಡು ಬಿಳಿ ಎಲ್‌ಇಡಿ ಕೂರಿಸಿದೆ. ಪ್ರತಿಯೊಂದರ ಅಡಿಗೂ ಶಾಖ ಎಳೆಯುವ ಬಿಳಿ ಪೇಸ್ಟು. ಹನ್ನೆರಡರಂತೆ ಮೂರು ಸಾಲು, ಸಾಲಿಗೊಂದು ಡ್ರೈವರ್, ಡ್ರೈವರಿಗೊಂದು ಬೆಳಕು ಏರಿಸಿ ಇಳಿಸುವ ಗುಂಡಿ. ಬೆಸುಗೆ ಹಾಕಿದ ಮೇಲೆ ಯಾವ ಎಲ್‌ಇಡಿಯ ಬೆಸುಗೆಯೂ ಬೆನ್ನಿನ ಅಲ್ಯುಮಿನಿಯಂಗೆ ತಾಗಿಲ್ಲ ಎಂದು ಒಂದೊಂದಾಗಿ ಮೀಟರ್ ಇಟ್ಟು ನೋಡಿದೆ. ಬೆಸುಗೆಗಳ ಮೇಲೆ ಉಪ್ಪು ಕೂರದ ಹಾಗೆ ಲ್ಯಾಕರ್ ಬಳಿದೆ. ಹಳೆಯ ಕಂಪ್ಯೂಟರಿನ ಎರಡು ಫ್ಯಾನ್ ಮೇಲೆ ಹಾಕಿದೆ. ಮಸ್ಕಿಗೆ ಒಯ್ದು, ಗೋಡೆಗೆ ಬ್ರಾಕೆಟ್ ಹೊಡೆದು, ನೀರಿನಿಂದ ಒಂದೂವರೆ ಗೇಣು ಮೇಲೆ ತೂಗುಹಾಕಿದೆ. ಕತ್ತಲೆಯ ಹದಿನೈದನೆಯ ದಿನ ದೀಪ ಹತ್ತಿತು.

ತೊಟ್ಟಿ ಜಗ್ಗನೆ ನೀಲಿಯಾಯಿತು. ಅಂಗಿಯ ಗುಂಡಿಯಷ್ಟು ಗಾತ್ರದ ಸಣ್ಣ ಹವಳಗಳು ಹಸಿರು, ಕಿತ್ತಳೆ ಬಣ್ಣದಲ್ಲಿ ಮಿನುಗಿದವು. ಚಾಚಾ "ಮಾಶಾಲ್ಲಾ" ಎಂದು ಕುರ್ಚಿಯ ಮೇಲೆ ಕುಳಿತೇಬಿಟ್ಟರು. ನಾನು ಬೆಳಕು ಅಳೆಯುವ ಲಕ್ಸ್ ಮೀಟರ್ ತೆಗೆದೆ. ಬೀದಿದೀಪದ ಕೆಲಸದಲ್ಲಿ ಗುತ್ತಿಗೆದಾರರು ನನಗೆ ಬೈದು ಬೈದು ಕಲಿಸಿದ್ದು ಒಂದೇ ಪಾಠ: ಕಣ್ಣನ್ನು ನಂಬಬೇಡ, ಮೀಟರ್ ನಂಬು. ಹವಳ ಸಾಕುವವರ ಫೋನ್ ಗುಂಪಿನಲ್ಲಿ ಯಾರೋ ಇಷ್ಟು ಲಕ್ಸ್ ಇರಬೇಕು ಎಂದು ಚಾಚಾಗೆ ಬರೆದು ಕಳಿಸಿದ್ದರು. ನನ್ನ ಮೀಟರ್ ಅದರ ಕಾಲುಭಾಗವನ್ನೂ ತೋರಿಸಲಿಲ್ಲ. ನೀಲಿಯ ಗುಂಡಿ ತಿರುಗಿಸಿ ಏರಿಸಿದೆ. ಇನ್ನೂ ಕಡಿಮೆ. ಕೊನೆಯವರೆಗೂ ತಿರುಗಿಸಿದೆ. ಆಗಲೂ ಅಂಕಿ ಮುಟ್ಟಲಿಲ್ಲ. ಸದ್ಯ ಇದ್ದಷ್ಟು ಇರಲಿ ಎಂದು ಹಾಗೇ ಬಿಟ್ಟು, ದಿನಕ್ಕೆ ಹತ್ತು ತಾಸಿಗೆ ಟೈಮರ್ ಇಟ್ಟು, ಒಂದು ಫೋಟೊ ಹೊಡೆದುಕೊಂಡು ಬಂದೆ. ಆ ಫೋಟೊ ಎಷ್ಟು ಜನಕ್ಕೆ ತೋರಿಸಿದೆನೋ ಲೆಕ್ಕವಿಲ್ಲ. ನನ್ನ ಜಂಬಕ್ಕೆ ಆಯುಷ್ಯ ಐದೇ ದಿನ.

ಆರನೆಯ ದಿನ ಚಾಚಾ ಫೋನ್ ಮಾಡಿದರು. "ಬೇಟಿ, ಛತ್ರಿ ಬಣ್ಣ ಬಿಡಾಕತ್ತೈತಿ."

ಹೋಗಿ ನೋಡಿದರೆ ಛತ್ರಿ ಕುಗ್ಗಿ ಮುದುಡಿತ್ತು. ಕಂದು ಬಣ್ಣ ಹೋಗಿ ಅಂಚಿನಲ್ಲಿ ಬೂದಿಯಂಥ ಬಿಳುಪು ಬಂದಿತ್ತು. ಗುಂಪಿನವರೆಲ್ಲ, ಬೆಳಕು ಸಾಲದೆ ಉಪವಾಸ ಬಿದ್ದಿದೆ, ಇನ್ನೂ ಏರಿಸಿ ಎಂದು ಬರೆದಿದ್ದರು. ನನ್ನ ಮೀಟರ್ ಹೇಳಿದ್ದೂ ಅದನ್ನೇ. ಗುಂಡಿ ಕೊನೆ ಮುಟ್ಟಿದ್ದರಿಂದ, ಇನ್ನೊಂದು ಹನ್ನೆರಡು ನೀಲಿ ಸೇರಿಸುತ್ತೇನೆ ಎಂದು ಹೇಳಿ ಹೊರಟೆ. ದಾರಿಯಲ್ಲಿ, ಈ ಕೆಲಸ ಒಪ್ಪಿಕೊಳ್ಳದೆ ಇದ್ದಿದ್ದರೆ ಎಂದು ಮೊದಲ ಸಲ ಅನಿಸಿತು.

ನನ್ನ ಅವ್ವ ಮುದಗಲ್ ರಸ್ತೆಯ ಒಂದು ಮೆಣಸಿನ ಸಸಿ ನರ್ಸರಿಯಲ್ಲಿ ಕೆಲಸ ಮಾಡುತ್ತಾಳೆ. ಹದಿನಾರು ವರ್ಷವಾಯಿತು. ಟ್ರೇಗಳಿಗೆ ಬೀಜ ಹಾಕುವುದು, ಕಪ್ಪು ಬಲೆಯ ನೆರಳಲ್ಲಿ ಸಸಿ ಬೆಳೆಸುವುದು, ಹೊಲಕ್ಕೆ ಹೋಗುವ ಮುಂಚೆ ಬಿಸಿಲಿಗೆ ರೂಢಿ ಮಾಡಿಸುವುದು ಅವಳ ಕೆಲಸ. ಸಸಿಯ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಅವಳು "ಹಿಡದೈತಿ" ಎಂದರೇನೇ ಮಾಲಕರು ಟ್ರೇ ಹೊರಗೆ ಕಳಿಸುವುದು. ಆ ಮಾತು ಅವಳ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ಆ ದಿನ ಸಾಯಂಕಾಲ ಅವಳನ್ನು ಕರೆದುಕೊಂಡು ಹೋಗಲು ನರ್ಸರಿಗೆ ಹೋದೆ.

"ಮಾರಿ ಯಾಕ ಹಂಗ ಮಾಡೀದಿ?" ಅಂದಳು.

ಫೋಟೊ ತೋರಿಸಿದೆ. ಕೈ ಒರೆಸಿಕೊಂಡು, ಫೋನನ್ನು ದೂರ ಹಿಡಿದು ನೋಡಿದಳು.

"ಬಿಸಲು ಬಡದೈತಿ ಇದಕ್ಕ."

"ಇದು ಸಸಿ ಅಲ್ಲಬೇ. ಸಮುದ್ರದ ಪ್ರಾಣಿ."

"ಏನರ ಇರ್ಲಿ. ಎಷ್ಟು ದಿನ ಕತ್ತಲ್ದಾಗ ಇತ್ತು?"

"ಹದಿನೈದು ದಿನ."

"ಆಮ್ಯಾಲ ನೀ ಒಮ್ಮಿಗೇ ಉರಿ ದೀಪ ಹಚ್ಚೀದಿ. ನಾವು ನೆರಳಾಗಿನ ಟ್ರೇ ತಗದು ಮಧ್ಯಾಹ್ನ ಬಯಲಿಗಿ ಇಟ್ರ ಏನಾಕ್ಕೈತಿ? ಎರಡು ದಿನದಾಗ ಎಲಿ ಬೆಳ್ಳಗ ಆಕ್ಕಾವ. ಅಷ್ಟೂ ಗೊತ್ತಿಲ್ಲೇನು ನಿನಗ?"

"ಬೆಳಕು ಕಡಿಮಿ ಐತಿ ಅಂತ ಮೀಟರ್ ಹೇಳಾಕತ್ತೈತಿ ಯವ್ವಾ!"

"ಮೀಟರಿಗಿ ಬಿಸಲು ಬಡದೈತೇನು? ಬಡದಿದ್ದು ಅದಕ್ಕ" ಎಂದು ಫೋನನ್ನು ನನ್ನ ಕೈಗೆ ತುರುಕಿ ಟ್ರೇ ಎತ್ತಲು ಹೋದಳು.

ಸಿಟ್ಟು ಬಂತು. ಅವ್ವನಿಗೆ ಎಲ್‌ಇಡಿ ಬಗ್ಗೆ ಏನು ಗೊತ್ತು ಎಂದುಕೊಂಡೆ. ಆದರೂ ಮರುದಿನ ಅಂಗಡಿಯಲ್ಲಿ, ಹೆಚ್ಚುವರಿ ಹನ್ನೆರಡನ್ನು ಬೆಸೆಯುವ ಮುಂಚೆ, ಒಂದು ಪರೀಕ್ಷೆ ಮಾಡಿದೆ. ಒಂದು ಬಿಳಿ, ಒಂದು ನೀಲಿ ಎಲ್‌ಇಡಿ. ಎರಡಕ್ಕೂ ಒಂದೇ ಕರೆಂಟ್. ಒಂದೇ ದೂರದಲ್ಲಿ ಮೀಟರ್ ಹಿಡಿದೆ. ಬಿಳಿಗೆ ತೋರಿಸಿದ ಅಂಕಿ ಎಲ್ಲಿ, ನೀಲಿಗೆ ತೋರಿಸಿದ ಅಂಕಿ ಎಲ್ಲಿ! ಬಿಳಿಯ ಒಂದು ಚೂರು ಅಷ್ಟೇ. ಎರಡೂ ತಿನ್ನುತ್ತಿದ್ದ ಕರೆಂಟ್ ಒಂದೇ. ಹಾಗಾದರೆ ಬೆಳಕು ಕಡಿಮೆ ಇರಲಿಲ್ಲ, ಮೀಟರಿಗೆ ಅದು ಕಾಣುತ್ತಿರಲಿಲ್ಲ.

ಆಗ ತಿಳಿಯಿತು. ಲಕ್ಸ್ ಮೀಟರನ್ನು ಮಾಡಿರುವುದೇ ಮನುಷ್ಯರ ಕಣ್ಣಿನ ಅಳತೆಗೆ. ರಸ್ತೆಯಲ್ಲಿ ನಡೆಯುವವನಿಗೆ ಹೊಂಡ ಕಾಣಬೇಕು, ಬೀದಿದೀಪಕ್ಕೆ ಅಷ್ಟು ಸಾಕು. ನಮ್ಮ ಕಣ್ಣಿಗೆ ಆಳದ ನೀಲಿ ಅಷ್ಟಾಗಿ ಹತ್ತುವುದಿಲ್ಲ, ಅದಕ್ಕೇ ಮೀಟರೂ ಅದನ್ನು ಎಣಿಸುವುದಿಲ್ಲ. ಗುಂಪಿನವರು ಕೊಟ್ಟ ಅಂಕಿ ಬಿಳಿ ದೀಪದ್ದು. ನಾನು ಬೀದಿದೀಪದವಳು, ಹವಳಕ್ಕೂ ಬೀದಿದೀಪವನ್ನೇ ಹಾಕಿದ್ದೆ. ಹದಿನೈದು ದಿನ ಕತ್ತಲಲ್ಲಿದ್ದ ಜೀವದ ಮೇಲೆ ನೆತ್ತಿಯ ಸೂರ್ಯನನ್ನು ಇಳಿಸಿದ್ದೆ. ಅವ್ವ ಫೋಟೊ ನೋಡಿ ಒಂದು ನಿಮಿಷದಲ್ಲಿ ಹೇಳಿದ್ದು ನನಗೆ ಒಂದು ವಾರ ಹೊಳೆದಿರಲಿಲ್ಲ. ನಾಚಿಕೆಯಾಯಿತು.

ಗೊತ್ತಾಗುವುದು ಬೇರೆ, ಚಾಚಾಗೆ ಹೇಳುವುದು ಬೇರೆ. ಅವತ್ತೇ ಮಸ್ಕಿಗೆ ಹೋದೆ.

"ಚಾಚಾ, ತಪ್ಪು ನಂದು. ದೀಪ ಹೆಚ್ಚಾಗೈತಿ, ಕಡಿಮಿ ಆಗಿಲ್ಲ. ನಾ ಬೆಳಕು ಇಳಸ್ತೀನಿ. ಭಾಳ ಇಳಸ್ತೀನಿ."

ಚಾಚಾ ಫೋನಿನ ಗುಂಪು ತೆರೆದು ತೋರಿಸಿದರು. "ಎಲ್ಲಾರೂ ಏರಸು ಅನ್ನಾಕತ್ಯಾರ. ಅವರ ಮಾತು ಖರೇ ಇದ್ರ, ನೀ ಇಳಿಸಿದ್ರ ಇದು ಪೂರಾ ಹೋಗ್ತೈತಿ."

"ಹೌದ್ರಿ."

"ಎಷ್ಟು ಯಕೀನ್ ಐತಿ ನಿನಗ?"

ಎರಡು ಎಲ್‌ಇಡಿಯನ್ನೂ ಮೀಟರನ್ನೂ ತಂದಿದ್ದೆ. ಅವರ ಎದುರಿಗೇ ಹಚ್ಚಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ, ಮೂರು ಸಲ ನೋಡಿದರು.

"ಎಂಜಿನ್ ರೂಮಿನ್ಯಾಗ ಗೇಜ್ ಸುಳ್ಳು ಹೇಳಾಕತ್ತೈತಿ ಅಂತ ಅನುಮಾನ ಬಂದ್ರ ನಾವು ಪೈಪ್ ಮುಟ್ಟಿ ನೋಡ್ತಿದ್ವಿ. ಇಲ್ಲಿ ಪೈಪ್ ಅಂದ್ರ ಛತ್ರೀನ. ಅದು ಸುಟ್ಟೈತಿ ಅಂತ ನನಗೂ ಕಾಣಾಕತ್ತೈತಿ" ಎಂದರು. ಆಮೇಲೆ "ಮಾಡು" ಅಂದರು.

ಇಳಿಸುವುದೂ ಅಷ್ಟು ಸಲೀಸಾಗಿರಲಿಲ್ಲ. ನನ್ನ ಡ್ರೈವರ್‌ಗಳು ಅರ್ಧಕ್ಕಿಂತ ಕೆಳಗೆ ಹೋದರೆ ಪಟಪಟ ಮಿಟುಕುತ್ತಿದ್ದವು. ಅರ್ಧಕ್ಕೆ ನಿಲ್ಲಿಸಿದೆ. ಉಳಿದದ್ದಕ್ಕೆ ನರ್ಸರಿಯ ಕಪ್ಪು ನೆರಳು ಬಲೆ ನೆನಪಾಯಿತು. ಅವ್ವನನ್ನು ಕೇಳಿದೆ. ನಾನು ಬಂದು ಕೇಳಿಯೇ ಕೇಳುತ್ತೇನೆ ಎಂದು ಗೊತ್ತಿದ್ದವಳ ಹಾಗೆ, ಔಷಧಿ ಬೀಳದ ಹೊಸ ಸುರುಳಿಯಿಂದ ನಾಲ್ಕು ತುಂಡು ಕತ್ತರಿಸಿ ಕೊಟ್ಟಳು.

"ಒಂದೊಂದ ತಗೀಬೇಕು. ಒಂದು ತಗದ ಮ್ಯಾಲ ವಾರ ನೋಡಬೇಕು. ಬೆಳಿಗ್ಗಿ ನೋಡಬೇಕು, ದೀಪ ಹತ್ತಿದ ಕೂಡಲೇ. ಮಧ್ಯಾಹ್ನ ನೋಡಿದ್ರ ಎಲ್ಲಾ ಬಾಡಿದಂಗ ಕಾಣ್ತಾವ. ಮತ್ತ ಬಲಿ ನರ್ಸರೀದು, ವಾಪಸ್ ತರಬೇಕು" ಅಂದಳು.

ದೀಪಕ್ಕೂ ನೀರಿಗೂ ನಡುವೆ ಅಡ್ಡ ಪಟ್ಟಿ ಕಟ್ಟಿ ನಾಲ್ಕೂ ಬಲೆಗಳನ್ನು ಒಂದರ ಮೇಲೊಂದು ಹಾಸಿದೆ. ಮಿನುಗುತ್ತಿದ್ದ ತೊಟ್ಟಿ ಮತ್ತೆ ಮುಸ್ಸಂಜೆಯಾಯಿತು. ನಾನೇ ಹಚ್ಚಿದ ದೀಪವನ್ನು ನಾನೇ ಮುಚ್ಚಿದ್ದೆ.

ಮೊದಲ ಐದು ದಿನ ಏನೂ ಆಗಲಿಲ್ಲ. ಆರನೆಯ ದಿನ ಛತ್ರಿಯ ಮೈಮೇಲೆ ಮೇಣದಂಥ ಒಂದು ಪೊರೆ ಬಂತು. ಚಾಚಾ ಫೋನಿನಲ್ಲಿ, "ಹೋತು ಅನಸ್ತೈತಿ ಬೇಟಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಬಲ್ಬ್ ರಿಪೇರಿಗೆ ಬಂದವರನ್ನು ನಾಳೆ ಬನ್ನಿ ಎಂದು ಕಳಿಸಿ ಓಡಿದೆ. ಸತ್ತ ಹವಳ ಒಂದೇ ದಿನದಲ್ಲಿ ಕೊಳೆತ ಮೀನಿನ ಹಾಗೆ ನಾರುತ್ತದೆ ಎಂದು ಚಾಚಾ ಹಿಂದೆಯೇ ಹೇಳಿದ್ದರು. ತೊಟ್ಟಿಯ ಮೇಲಿನ ಬಲೆ ಸರಿಸಿ ಮೂಗಿಟ್ಟೆ. ಬರೀ ಉಪ್ಪಿನ ವಾಸನೆ.

"ನಾರವಲ್ದು ಚಾಚಾ."

ಅವರೂ ಬಗ್ಗಿ ಮೂಸಿದರು. ಇಬ್ಬರೂ ಆ ತೊಟ್ಟಿಯೊಳಗೆ ತಲೆ ಹಾಕಿ ಮೂಸುತ್ತ ನಿಂತದ್ದನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ! ಅವರ ಮುಖ ಒಮ್ಮೆಲೇ ಅರಳಿತು. ಇಂಥ ಹವಳಗಳು ಸುಧಾರಿಸುವಾಗ ಹಳೆಯ ಪೊರೆ ಬಿಡುತ್ತವಂತೆ; ದುಃಖದಲ್ಲಿ ಅದನ್ನೇ ಮರೆತಿದ್ದರು. ಪಂಪಿನ ಬಾಯನ್ನು ಸ್ವಲ್ಪ ಛತ್ರಿಯ ಕಡೆ ತಿರುಗಿಸಿದರು. ನೀರಿನ ಸೆಳೆತಕ್ಕೆ ಪೊರೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಹೋಯಿತು. ಅದಾದ ಮೂರನೆಯ ದಿನ ಬೆಳಿಗ್ಗೆ ಅವರು ಕಳಿಸಿದ ಫೋಟೊದಲ್ಲಿ, ಛತ್ರಿಯ ನಡುವೆ ಸಾಸಿವೆ ಕಾಳಿನಷ್ಟು ಐದಾರು ಎಳೆಗಳು ಇಣುಕಿದ್ದವು. ಅಂಗಡಿಯಲ್ಲಿ ಒಬ್ಬಳೇ ಇದ್ದೆ. ಗಟ್ಟಿಯಾಗಿ ನಕ್ಕುಬಿಟ್ಟೆ.

ಬಲೆ ಹಾಸಿದ ಹತ್ತನೆಯ ದಿನಕ್ಕೆ ಮೊದಲನೆಯದನ್ನು ತೆಗೆದೆ. ವಾರ ಬಿಟ್ಟು ಎರಡನೆಯದು. ಮೂರನೆಯದನ್ನು ಮಾತ್ರ ಚಾಚಾ ನನಗೆ ಹೇಳದೆ ನಾಲ್ಕು ದಿನ ಮೊದಲೇ ತೆಗೆದುಬಿಟ್ಟಿದ್ದರು. ಯಾಕೆ ಎಂದರೆ, ಸಿಂಧನೂರಿನಿಂದ ಬೀಗರು ಬರುವವರಿದ್ದರು, ತೊಟ್ಟಿ ಸ್ವಲ್ಪ ಬೆಳಕಾಗಿ ಕಾಣಲಿ ಎಂದು! ಮರುದಿನ ಅರ್ಧ ಎಳೆಗಳು ಒಳಗೆ ಹೋದವು. ಹೇಳಿಕೊಳ್ಳಲಾರದೆ ಫೋನ್ ಮಾಡಿದರು.

"ಬೀಗರಿಗಿ ಚಾ ಕೊಡ್ರಿ ಚಾಚಾ, ಛತ್ರಿ ತೋರಸಬ್ಯಾಡ್ರಿ. ಬಲಿ ಮುಚ್ಚರಿ ಮೊದಲ" ಎಂದು ರೇಗಿದೆ. ತಂದೆಯ ವಯಸ್ಸಿನವರನ್ನು ಹಾಗೆ ಗದರಿದೆನಲ್ಲ ಎಂದು ಆಮೇಲೆ ಅನಿಸಿತು. ಅವರು ಮಾತ್ರ ಸಣ್ಣ ಹುಡುಗನ ಹಾಗೆ "ಮುಚ್ಚಿದೆ, ಮುಚ್ಚಿದೆ" ಅಂದರು. ಮತ್ತೆ ವಾರ ಕಾದು, ಆ ಮೂರನೆಯ ಬಲೆಯನ್ನು ಈ ಸಲ ನಾನೇ ಹೋಗಿ ತೆಗೆದೆ.

ಹೊರದೇಶದ ದೀಪ ಬಂದದ್ದು ಅದೇ ಹೊತ್ತಿಗೆ. ಚಾಚಾ ನನ್ನನ್ನು ಕರೆಸಿ ಪೆಟ್ಟಿಗೆ ಒಡೆಸಿದರು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಮಾಲು. ತೆಳ್ಳಗೆ, ನುಣ್ಣಗೆ, ಫೋನಿನಿಂದಲೇ ಏರಿಸಿ ಇಳಿಸಬಹುದು. ಪಕ್ಕದಲ್ಲಿ ತೂಗುತ್ತಿದ್ದ ನನ್ನ ದೀಪದ ಬೆನ್ನಿನ ಮೇಲೆ ಕಂಬದ ನಂಬರ್ ಇನ್ನೂ ಅಳಿಸಿರಲಿಲ್ಲ. ಅದನ್ನು ಇಳಿಸಲು ಮನಸ್ಸಿರಲಿಲ್ಲ. ಆದರೂ ಸ್ಕ್ರೂಡ್ರೈವರ್ ತೆಗೆದು, "ಕೂಡಸ್ಲಿ ಏನ್ರಿ?" ಎಂದೆ.

ಚಾಚಾ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಪೆಟ್ಟಿಗೆಯಲ್ಲೇ ಇಟ್ಟರು. "ಇರ್ಲಿ ಇದು ಸ್ಟೆಪ್ನಿ. ನಿಂದು ಕೆಟ್ಟ ದಿನ ನೋಡೋಣ. ಕೆಡಂಗ ಕಾಣವಲ್ದು" ಅಂದರು. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದೆ. ಹೊರಗೆ ಬಂದು ಸ್ಕೂಟಿ ಚಾಲೂ ಮಾಡುವಾಗ ಕಣ್ಣು ಒದ್ದೆಯಾಗಿತ್ತು.

ಕೊನೆಯ ಬಲೆ ತೆಗೆಯುವ ದಿನ ಭಾನುವಾರ. ಅವ್ವನನ್ನು ಹಿಂದೆ ಕೂರಿಸಿಕೊಂಡು ಬೆಳಿಗ್ಗೆಯೇ ಮಸ್ಕಿಗೆ ಹೋದೆ. ದೀಪ ಹತ್ತುವ ಹೊತ್ತಿಗೆ ಮೂವರೂ ತೊಟ್ಟಿಯ ಮುಂದೆ ನಿಂತಿದ್ದೆವು. ಟೈಮರ್ ಟಿಕ್ಕೆಂದಿತು. ಬಲೆ ಸರಿಸಿದೆ. ಛತ್ರಿ ಮೊದಲಿನ ಕಂದು ಬಣ್ಣಕ್ಕೆ ತಿರುಗಿತ್ತು. ನೋಡುತ್ತಿದ್ದ ಹಾಗೆ ಒಂದೊಂದೇ ಎಳೆ ಹೊರಬಂದು, ಅಂಚಿನಿಂದ ಅಂಚಿನವರೆಗೆ ತುಂಬಿಕೊಂಡು, ಗಾಳಿಗೆ ಬಾಗುವ ಬತ್ತದ ಪೈರಿನ ಹಾಗೆ ಓಲಾಡಿತು.

ಅವ್ವ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಮುಟ್ಟಲು ಹೋಗಿ, ಗಾಜು ತಾಗಿ, ಎರಡು ಬೆರಳನ್ನು ಗಾಜಿನ ಮೇಲೇ ಇಟ್ಟಳು. ಅಂಚನ್ನು ನೋಡಿದಳು, ನಡುವನ್ನು ನೋಡಿದಳು, ಬಗ್ಗಿ ಬುಡವನ್ನೂ ನೋಡಿದಳು. ಚಾಚಾ ನನ್ನ ಮುಖ ನೋಡಿದರು. ನಾನು ಅವ್ವನ ಬಾಯನ್ನೇ ನೋಡುತ್ತಿದ್ದೆ.

"ಹಿಡದೈತಿ" ಅಂದಳು ಅವ್ವ.

ಆಮೇಲೆ ನನ್ನ ಕೈಯಿಂದ ಬಲೆ ಇಸಿದುಕೊಂಡು, ನೀರು ಕೊಡವಿ, ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. "ಉಳಿದ ಮೂರು ಎಲ್ಲಿ ಅದಾವ್ರಿ? ನಾಳಿ ಟ್ರೇ ಹೊರಗ ಇಟ್ಟು ಮ್ಯಾಲ ಹಾಸಬೇಕು" ಎಂದು ಚಾಚಾರನ್ನು ಕೇಳಿದಳು.